ದಂಡಿಯಿಂದ ಹೊಸರಿತ್ತಿಯವರೆಗೆ: ಮೈಲಾರ ಮಹದೇವಪ್ಪ

ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರ ಅವರ ಹೆಸರಿದೆ. ಸೆಮಿಸ್ಟರ್ ಮುಗಿದಾಗ ಬ್ಯಾಗ್ ಹೆಗಲಿಗೇರಿಸಿ ಹುಬ್ಬಳ್ಳಿ ಕಡೆಗೋ ಬೆಂಗಳೂರು ಕಡೆಗೋ ಹೋಗುವ ನಮ್ಮಲ್ಲಿ ಎಷ್ಟೋ ಜನ ಆ ನಿಲ್ದಾಣವನ್ನು ಕಿಟಕಿಯಿಂದ ನೋಡಿದ್ದೇವೆ. ರೈಲು ಸ್ವಲ್ಪ ಹೊತ್ತು ನಿಲ್ಲುತ್ತೆ, ಚಹಾ ಮಾರುವವರು ಬರ್ತಾರೆ, ರೈಲು ಹೊರಡುತ್ತೆ. ಯಾರಿವರು, ಯಾಕೆ ಇವರ ಹೆಸರು ಅಂತ ಕೇಳಿದರೆ ನಮ್ಮ ಕ್ಲಾಸಿನ ಹೆಚ್ಚಿನವರ ಉತ್ತರ ಎರಡೇ ಪದ: ಸ್ವಾತಂತ್ರ್ಯ ಹೋರಾಟಗಾರರು. ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ಇಷ್ಟು ಸಾಕು. ಆದರೆ ಈ ಮನುಷ್ಯನ ಬದುಕು ಒಂದು ಅಂಕದ್ದಲ್ಲ.

ಚಿಕ್ಕದಾಗಿ ಹೇಳಬೇಕೆಂದರೆ ಹೀಗೆ. 1911ರಲ್ಲಿ ಹುಟ್ಟಿದರು. 18ನೇ ವಯಸ್ಸಿನಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದರು. ಸಾಬರಮತಿಯಿಂದ ಹೊರಟ ಆ ತಂಡದಲ್ಲಿದ್ದ ಏಕೈಕ ಕನ್ನಡಿಗ ಅವರು. 31ನೇ ವಯಸ್ಸಿನಲ್ಲಿ, ಹೊಸರಿತ್ತಿ ಅನ್ನೋ ಊರಿನ ವೀರಭದ್ರ ದೇವಸ್ಥಾನದಲ್ಲಿ, ಬ್ರಿಟಿಷ್ ಸರ್ಕಾರದ ಕಂದಾಯದ ಹಣಕ್ಕೆ ಕೈ ಹಾಕಲು ಹೋಗಿ ಗುಂಡೇಟಿಗೆ ಸತ್ತರು. ಮೊದಲನೆಯದು ಅಹಿಂಸೆಯ ಅತ್ಯಂತ ಪ್ರಸಿದ್ಧ ನಡಿಗೆ. ಎರಡನೆಯದು ಒಂದು ದಾಳಿ. ಇವೆರಡರ ನಡುವೆ 13 ವರ್ಷ. ಆ 13 ವರ್ಷದಲ್ಲಿ ಏನಾಯಿತು ಅನ್ನೋದೇ ನಮ್ಮ ಕುತೂಹಲ.

ಈ ಸಲ ಯುಗಾದಿ ಹೊತ್ತಿಗೆ ನಮ್ಮ ಸಂಘದ ಐದು ಜನ ಐರಣಿಯಲ್ಲಿದ್ದೆವು. ಗೆಳೆಯನ ಮನೆ ಅಲ್ಲಿ. ಐರಣಿ ಅಂದರೆ ರಾಣೆಬೆನ್ನೂರು ತಾಲೂಕಿನ ಊರು. ತುಂಗಭದ್ರೆಯ ದಂಡೆ, ಹೊಳೆಮಠ, ಹಳೆಯ ಕೋಟೆಯ ಅವಶೇಷ. ಅವರ ಮನೆಯ ಕಾರು ಒಂದು ದಿನದ ಮಟ್ಟಿಗೆ ಸಿಕ್ಕಿತು. ಹಾಗಾಗಿ ಪುಸ್ತಕದಲ್ಲಿ ಓದಿದ್ದ ಊರುಗಳನ್ನು ಒಂದೇ ದಿನದಲ್ಲಿ ಸುತ್ತಿ ಬಂದೆವು: ಐರಣಿ, ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿ, ಹೊಸರಿತ್ತಿ, ಗುತ್ತಲ, ಕೊನೆಗೆ ದೇವರಗುಡ್ಡ. ಈ ಬರಹದಲ್ಲಿ ಊರುಗಳು ನಾವು ಸುತ್ತಿದ ಕ್ರಮದಲ್ಲಿ ಬರುವುದಿಲ್ಲ, ಮಹದೇವಪ್ಪನವರ ಬದುಕಿನ ಕ್ರಮದಲ್ಲಿ ಬರುತ್ತವೆ.

ಗುಡ್ಡದ ಮೇಲಿನ ಹೆಸರು

ಅದಕ್ಕೇ ನಾವು ಕೊನೆಗೆ ಹತ್ತಿದ ಗುಡ್ಡವನ್ನು ಇಲ್ಲಿ ಮೊದಲು ಹೇಳಬೇಕು. ರಾಣೆಬೆನ್ನೂರು–ಗುತ್ತಲ ಸೀಮೆಯ ದೇವರಗುಡ್ಡದಲ್ಲಿ ಮಾಲತೇಶನ ದೇವಸ್ಥಾನ ಇದೆ. ಬಯಲುಸೀಮೆಯಲ್ಲಿ ಗುಡ್ಡ ಅಂದರೆ ತುಂಬಾ ಎತ್ತರ ಅಂದುಕೊಳ್ಳಬೇಡಿ. ಆದರೆ ಸುತ್ತ ಎಲ್ಲಾ ಸಪಾಟು ಹೊಲ ಇರೋದರಿಂದ ಮೇಲೆ ನಿಂತರೆ ಕಣ್ಣಿಗೆ ಅಡ್ಡ ಏನೂ ಇಲ್ಲ. ಸುಗ್ಗಿ ಮುಗಿದ ಹೊಲಗಳು ಕಂದು ಬಣ್ಣಕ್ಕೆ ತಿರುಗಿದ್ದವು, ನಡುನಡುವೆ ಬೇವು, ಹೊಂಗೆ ಮಾತ್ರ ಹೊಸ ಎಲೆ ಬಿಟ್ಟು ನಿಂತಿದ್ದವು. ಮೆಟ್ಟಿಲ ಮೇಲೆ ಅಲ್ಲಲ್ಲಿ ಭಂಡಾರದ ಹಳದಿ.

ಮಾಲತೇಶ, ಮೈಲಾರಲಿಂಗ, ಮಾರ್ತಾಂಡ ಭೈರವ, ಮಹಾರಾಷ್ಟ್ರದ ಜೇಜುರಿಯ ಖಂಡೋಬ – ಹೆಸರು ಬೇರೆ ಬೇರೆ, ದೇವರು ಒಂದೇ. ಕತೆ ಏನೆಂದರೆ, ಮಣಿಕಾಸುರ ಮಲ್ಲಾಸುರ ಅನ್ನೋ ಇಬ್ಬರು ಜನರಿಗೆ ಕಾಟ ಕೊಡುವಾಗ ಶಿವ ಯೋಧನ ವೇಷದಲ್ಲಿ ಬಂದು ಅವರನ್ನು ಕೊಂದ. ಕರಿ ಕಂಬಳಿ ಹೊದ್ದು ಡಮರು ಹಿಡಿದ ಗೊರವಯ್ಯಗಳು ಅವನ ಸೈನಿಕರು. ದಸರಾ ಹೊತ್ತಿಗೆ ಇಲ್ಲಿ ಕಾರ್ಣಿಕ ನಡೆಯುತ್ತೆ. ಗೊರವಯ್ಯ ದೊಡ್ಡ ಬಿಲ್ಲನ್ನೇರಿ ಒಂದೇ ಒಂದು ಮಾತು ಹೇಳಿ ಕೆಳಕ್ಕೆ ಬೀಳ್ತಾನೆ, ಆ ಮಾತಿನಲ್ಲಿ ಬರುವ ವರ್ಷದ ಮಳೆ ಬೆಳೆ ರಾಜಕೀಯ ಎಲ್ಲಾ ಇದೆ ಅಂತ ಜನ ಅರ್ಥ ಹುಡುಕ್ತಾರೆ.

ಮಹದೇವಪ್ಪನವರ ಮನೆತನದ ಹೆಸರು ಮೈಲಾರ. ಅವರ ತಂದೆಯ ಹೆಸರು ಮಾರ್ತಾಂಡಪ್ಪ. ಎರಡೂ ಈ ದೇವರ ಹೆಸರೇ. ದಂಡಿಗೆ ನಡೆದವರ ಪಟ್ಟಿಯಲ್ಲೂ ಅವರ ಹೆಸರು ಮಹಾದೇವ ಮಾರ್ತಾಂಡ ಅಂತಲೇ ಇದೆ. ಅಂದರೆ ಗುಜರಾತಿನ ಆ ಪಟ್ಟಿಯಲ್ಲಿ ನಮ್ಮ ಬಯಲುಸೀಮೆಯ ಗುಡ್ಡದ ದೇವರೂ ಸೇರಿಕೊಂಡಿದ್ದಾನೆ. ಅನ್ಯಾಯ ಮಾಡುವವರ ಎದುರು ಆಯುಧ ಹಿಡಿಯುವ ದೇವರ ಹೆಸರನ್ನು ಹೊತ್ತ ಹುಡುಗ, ಆಯುಧವೇ ಇಲ್ಲದ ಹೋರಾಟಕ್ಕೆ ಹೋಗಿ ನಿಂತ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಇನ್ನೂ ಚೆನ್ನಾಗಿ ಅರ್ಥವಾಗುತ್ತೆ.

ಮೋಟೆಬೆನ್ನೂರಿನ ಹುಡುಗ

ಮಹದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಮೋಟೆಬೆನ್ನೂರಿನಲ್ಲಿ. ತಾಯಿ ಬಸಮ್ಮ. ಈಗ ಇದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕು. ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ. ಆಗ ಇದೆಲ್ಲಾ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಹರಿಹರ, ಅದು ಮೈಸೂರು ಮಹಾರಾಜರ ಸೀಮೆ. ಈಚೆ ದಡದಲ್ಲಿ ನೇರವಾಗಿ ಬ್ರಿಟಿಷರ ಆಡಳಿತ. ಐರಣಿಯ ದಂಡೆ ಮೇಲೆ ನಿಂತಾಗ ನಮಗೆ ಇದು ಹೊಸ ವಿಷಯ ಅನ್ನಿಸಿತು. ಕನ್ನಡ ಮಾತಾಡೋ ಜನರ ನಡುವೆಯೇ ಹೊಳೆ ಒಂದು ಗಡಿಯಾಗಿತ್ತು, ಆಚೆಗೊಂದು ಕಾನೂನು ಈಚೆಗೊಂದು ಕಾನೂನು.

ಮೋಟೆಬೆನ್ನೂರು ಹೆದ್ದಾರಿಯ ಪಕ್ಕದಲ್ಲೇ ಇದೆ. ಕಾರಿನ ಕಿಟಕಿ ಇಳಿಸಿದರೆ ಮೂಗಿಗೆ ಮೆಣಸಿನಕಾಯಿ ಘಾಟು. ಬ್ಯಾಡಗಿ ಇಲ್ಲಿಂದ ಹತ್ತಿರ, ಮಾರುಕಟ್ಟೆಯ ಸೀಸನ್ ಇನ್ನೂ ಮುಗಿದಿರಲಿಲ್ಲ. ಕೆಂಪು ಚೀಲ ತುಂಬಿದ ಲಾರಿಗಳು ಸಾಲಾಗಿ ಹೋಗ್ತಿದ್ದವು. ಊರೊಳಗೆ ಹೋದರೆ ಎಲ್ಲಾ ಊರಿನಂಥದೇ ಊರು: ಕಟ್ಟೆ, ಎಮ್ಮೆ, ಶಾಲೆ, ಮೊಬೈಲ್ ರೀಚಾರ್ಜ್ ಅಂಗಡಿ. ಇಲ್ಲಿಂದ ಒಬ್ಬ ಹುಡುಗ ಸಾಬರಮತಿಗೆ ಹೋಗಿ ಗಾಂಧೀಜಿ ಆರಿಸಿದ ತಂಡದಲ್ಲಿ ಸೇರೋದು ಅಂದರೆ ಸಣ್ಣ ದೂರ ಅಲ್ಲ.

ಆ ದೂರ ಒಂದೇ ಸಲಕ್ಕೆ ದಾಟಿದ್ದಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಆಗ ಮಹದೇವಪ್ಪನವರಿಗೆ 13 ವರ್ಷ. ಅಧಿವೇಶನ ಆದ ಮೇಲೆ ಈ ಭಾಗದ ಹಳ್ಳಿಹಳ್ಳಿಗೂ ಚರಕ, ಖಾದಿ, ಸ್ವದೇಶಿಯ ಮಾತು ಹಬ್ಬಿತು. ಹತ್ತಿ ಬೆಳೆಯೋ ಸೀಮೆ ಇದು. ಇಲ್ಲಿಯ ಹತ್ತಿ ಮಿಲ್ಲಿಗೆ ಹೋಗಿ, ಅಲ್ಲಿಂದ ದುಬಾರಿ ಬಟ್ಟೆಯಾಗಿ ಇಲ್ಲಿಗೇ ವಾಪಸ್ ಬರುತ್ತೆ ಅನ್ನೋದು ಯಾರಿಗೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ, ಕಣ್ಣೆದುರೇ ನಡೀತಿತ್ತು. ಹರೆಯದ ಮಹದೇವಪ್ಪ ಖಾದಿ ಕೆಲಸಕ್ಕೆ ಇಳಿದರು. ಆ ಕೆಲಸವೇ ಅವರನ್ನು ಸಾಬರಮತಿ ಆಶ್ರಮದವರೆಗೆ ಕರೆದುಕೊಂಡು ಹೋಯಿತು.

ದಿನಕ್ಕೆ 16 ಕಿಲೋಮೀಟರ್

1930ರ ಮಾರ್ಚ್ 12ರ ಬೆಳಿಗ್ಗೆ ಗಾಂಧೀಜಿ ಆಶ್ರಮದಿಂದ ಹೊರಟರು. ಜೊತೆಗೆ ಆರಿಸಿದ 78 ಜನ. ಸುಮಾರು 385 ಕಿಲೋಮೀಟರ್ ದೂರ, 24 ದಿನ. ಸರಾಸರಿ ತೆಗೆದರೆ ದಿನಕ್ಕೆ 16 ಕಿಲೋಮೀಟರ್. ಅಷ್ಟು ದೂರವನ್ನು ನಮ್ಮ ಕಾರು ಹೆದ್ದಾರಿಯಲ್ಲಿ ಹದಿನೈದು ನಿಮಿಷದಲ್ಲಿ ದಾಟಿತು. ಗುಂಪಿನ ನಾಯಕನಿಗೆ 60 ದಾಟಿತ್ತು, ಮಹದೇವಪ್ಪನವರಿಗೆ 18 ವರ್ಷ 9 ತಿಂಗಳು. ನಮ್ಮ ಸೆಕೆಂಡ್ ಇಯರ್‌ನ ಹೆಚ್ಚಿನವರಿಗಿಂತ ಚಿಕ್ಕವರು.

ಉಪ್ಪನ್ನೇ ಯಾಕೆ ಆರಿಸಿದ್ದು? ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಇದು ತುಂಬಾ ಚೆನ್ನಾಗಿ ಕಾಣಿಸುತ್ತೆ. ಉಪ್ಪು ಮಾಡೋಕೆ ಬೇಕಾಗಿರೋದು ಸಮುದ್ರದ ನೀರು ಮತ್ತು ಬಿಸಿಲು. ಎರಡೂ ಪುಕ್ಕಟೆ. ಆದರೆ 1882ರ ಉಪ್ಪಿನ ಕಾಯಿದೆ ಪ್ರಕಾರ ಅದನ್ನು ಮಾಡುವ, ಮಾರುವ ಹಕ್ಕು ಸರ್ಕಾರದ ಹಿಡಿತದಲ್ಲಿತ್ತು, ಮೇಲೆ ತೆರಿಗೆ ಬೇರೆ. ಶ್ರೀಮಂತನಿಗೂ ಬೇಕು, ಕೂಲಿಗೂ ಬೇಕು, ಎತ್ತಿಗೂ ಬೇಕು. ಬಿಸಿಲಲ್ಲಿ ದುಡಿದು ಬೆವರು ಸುರಿಸುವವನಿಗೆ ಇನ್ನೂ ಹೆಚ್ಚು ಬೇಕು. ಹಾಗಾಗಿ ಬಡವನ ಮೇಲೇ ಹೆಚ್ಚು ಭಾರ ಬೀಳೋ ತೆರಿಗೆ ಅದು. ಅದನ್ನು ಮುರಿಯೋಕೆ ಆಯುಧ ಬೇಕಿಲ್ಲ, ಹಣ ಬೇಕಿಲ್ಲ, ಓದು ಬೇಕಿಲ್ಲ. ಬಗ್ಗಿ ಒಂದು ಹಿಡಿ ಮಣ್ಣುಪ್ಪು ಎತ್ತಿಕೊಂಡರೆ ಕಾನೂನು ಮುರಿದಂತೆ.

ನಡಿಗೆ ಅಂದರೆ ಬರೀ ನಡಿಗೆ ಆಗಿರಲಿಲ್ಲ. ದಿನಾ ಪ್ರಾರ್ಥನೆ ಮಾಡಬೇಕು, ನೂಲಬೇಕು, ಡೈರಿ ಬರೀಬೇಕು. ಈ ಮೂರನ್ನು ತಪ್ಪಿಸುವ ಹಾಗಿರಲಿಲ್ಲ. ಊರಿಗೆ ಹೋದಾಗ ಸರಳ ಊಟ, ಸಿಕ್ಕಿದ ಜಾಗದಲ್ಲಿ ನಿದ್ದೆ. ಸೋಮವಾರ ಗಾಂಧೀಜಿಯವರ ಮೌನದ ದಿನ, ಅಂದು ನಡಿಗೆಗೆ ರಜೆ. ತಂಡದಲ್ಲಿ ಗುಜರಾತಿನವರೇ ಹೆಚ್ಚು; ಉಳಿದಂತೆ ಬೇರೆ ಬೇರೆ ಪ್ರಾಂತ್ಯದವರು. ಕನ್ನಡದಲ್ಲಿ ಮಾತಾಡೋಕೆ ಮಹದೇವಪ್ಪನವರಿಗೆ ಇನ್ನೊಬ್ಬ ಇರಲಿಲ್ಲ. ಬೇರೆ ರಾಜ್ಯದ ಹಾಸ್ಟೆಲಿನಲ್ಲಿ ಮೊದಲ ತಿಂಗಳು ಕಳೆದವರಿಗೆ ಇದು ಗೊತ್ತಾಗುತ್ತೆ. ಆಣಂದ, ಬೋರಸದ, ಮಹೀ ನದಿ, ಜಂಬೂಸರ, ಸೂರತ್, ನವಸಾರಿ – ಒಂದೊಂದೇ ಊರು ದಾಟಿ ಏಪ್ರಿಲ್ 5ಕ್ಕೆ ದಂಡಿ. 6ರ ಬೆಳಿಗ್ಗೆ ಉಪ್ಪು ಎತ್ತಿದ್ದು. ಒಂದು ವಾರದಲ್ಲೇ, ಏಪ್ರಿಲ್ 13ರಂದು, ನಮ್ಮ ಕಡಲತೀರದ ಅಂಕೋಲಾದಲ್ಲೂ ಜನ ಉಪ್ಪು ಮಾಡಿದರು.

ಈ ಹೋರಾಟಕ್ಕಾಗಿ ಮಹದೇವಪ್ಪ ಜೈಲಿಗೆ ಹೋದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಸತ್ಯಾಗ್ರಹದಲ್ಲಿ ಜೈಲು ಅನ್ನೋದು ಸೋಲಲ್ಲ, ಅದು ಪ್ಲಾನಿನ ಭಾಗ. ಮುಚ್ಚಿಡದೆ, ಮೊದಲೇ ಹೇಳಿ, ಹಗಲಿನಲ್ಲಿ ಕಾನೂನು ಮುರಿಯಬೇಕು. ಹಿಡಿಯೋಕೆ ಬಂದರೆ ಓಡಬಾರದು. ಹೊಡೆದರೆ ಕೈ ಎತ್ತಬಾರದು. 18ರ ವಯಸ್ಸಿನಲ್ಲಿ ಮಹದೇವಪ್ಪ ಕಲಿತ ಪಾಠ ಇದು. ಗುರು ಯಾರು ಅಂತ ಹೇಳಬೇಕಾಗಿಲ್ಲ.

ಸಿದ್ದಮ್ಮ ಮತ್ತು ಕೊರಡೂರು

ಮಹದೇವಪ್ಪನವರ ಹೆಂಡತಿ ಸಿದ್ದಮ್ಮ. ಗಂಡ ಹೋರಾಟಕ್ಕೆ ಹೋದ, ಹೆಂಡತಿ ಮನೆಯಲ್ಲಿ ಕಾಯ್ತಾ ಕೂತಳು ಅನ್ನೋ ಮಾಮೂಲಿ ಕತೆ ಇಲ್ಲಿ ಇಲ್ಲ. ಸಿದ್ದಮ್ಮ ಕೂಡ ಸಾಬರಮತಿ ಆಶ್ರಮದಲ್ಲಿದ್ದರು, ಹೋರಾಟದಲ್ಲಿ ಸೇರಿದರು, ಜೈಲಿಗೂ ಹೋದರು. ಈ ಸೀಮೆಯ ಹಳ್ಳಿಯ ಹೆಣ್ಣುಮಗಳೊಬ್ಬಳು 1930ರ ದಶಕದಲ್ಲಿ ಭಾಷೆ ಬಾರದ ಗುಜರಾತಿಗೆ ಹೋಗಿ ಇರೋದು, ಅಲ್ಲಿ ಜೈಲು ನೋಡೋದು ಅಂದರೆ ದಂಡಿ ನಡಿಗೆಗಿಂತ ಸಣ್ಣ ಕೆಲಸ ಅಂತ ನಮಗೆ ಅನ್ನಿಸೋದಿಲ್ಲ. ಆದರೆ ಬೋರ್ಡಿನ ಮೇಲೆ ಒಂದೇ ಹೆಸರಿಗೆ ಜಾಗ ಇರುತ್ತೆ.

ಊರ ಕಡೆ ಬಂದ ಮೇಲೆ ಮಹದೇವಪ್ಪ ಹೊಸರಿತ್ತಿ ಹತ್ತಿರದ ಕೊರಡೂರಿನಲ್ಲಿ ಗ್ರಾಮ ಸೇವಾಶ್ರಮ ಕಟ್ಟಿದರು. ನೂಲೋದು, ನೇಯೋದು, ಊರು ಗುಡಿಸೋದು, ಅಸ್ಪೃಶ್ಯತೆ ಬಿಡಿಸೋದು – ಗಾಂಧೀಜಿ ರಚನಾತ್ಮಕ ಕಾರ್ಯ ಅಂತ ಕರೆಯುತ್ತಿದ್ದ ಕೆಲಸಗಳು ಇವು. ಇದರಲ್ಲಿ ಫೋಟೋ ತೆಗೆಸಿಕೊಳ್ಳುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಎದ್ದು ಮಾಡಬೇಕು, ನಾಳೆಯೂ ಮಾಡಬೇಕು, ನಾಡಿದ್ದೂ ಮಾಡಬೇಕು. ನಾವು ಮೂರು ಶನಿವಾರ ಎನ್ಎಸ್ಎಸ್ ಕ್ಯಾಂಪಸ್ ಕ್ಲೀನಿಂಗ್ ಮಾಡಿ ನಾಲ್ಕನೇ ಶನಿವಾರ ನಿಲ್ಲಿಸೋ ಹಾಗಲ್ಲ. ದೇಶ ತಿರುಗಿ ನೋಡಿದ ನಡಿಗೆಯಲ್ಲಿ ಭಾಗವಹಿಸಿದ ಮನುಷ್ಯ ವಾಪಸ್ ಬಂದು ಒಂದು ಸಣ್ಣ ಹಳ್ಳಿಯಲ್ಲಿ ಚರಕ ಹಿಡಿದು ಕೂತದ್ದು ಅವರ ಬದುಕಿನ ಅತ್ಯಂತ ದೊಡ್ಡ ಭಾಗ. ಸತ್ತ ಮೇಲೆ ಜನ ಮೊದಲ ಮತ್ತು ಕೊನೆಯ ದಿನಗಳನ್ನೇ ನೆನಪಿಟ್ಟುಕೊಂಡರು. ನಡುವಿನ ವರ್ಷಗಳಲ್ಲಿ ಹಳ್ಳಿಯ ಜನ ಅವರನ್ನು ದಿನಾ ನೋಡಿ ನಂಬಿದರು. ಆ ನಂಬಿಕೆ ಇಲ್ಲದಿದ್ದರೆ 1942ರಲ್ಲಿ ಅವರ ಹಿಂದೆ ಯಾರೂ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಈ ಭಾಗದ ಜನಕ್ಕೆ ಕಂದಾಯದ ಜಗಳ ಹೊಸದಾಗಿರಲಿಲ್ಲ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ, ಹಿರೇಕೆರೂರು ಕಡೆಗಳಲ್ಲಿ ರೈತರು ಕರ ಕೊಡುವುದಿಲ್ಲ ಅಂತ ಕೂತು ಹೊಲ, ಮನೆ, ದನ ಎಲ್ಲಾ ಕಳೆದುಕೊಂಡಿದ್ದರು.

ಚಾವಡಿ ಅನ್ನೋ ಸರ್ವರ್

1942ರ ಆಗಸ್ಟ್ 8ರ ರಾತ್ರಿ ಮುಂಬೈಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಆಯಿತು. 9ರ ಬೆಳಗಾಗುವಷ್ಟರಲ್ಲಿ ಗಾಂಧೀಜಿ, ನೆಹರು, ಪಟೇಲ್ ಎಲ್ಲರೂ ಅರೆಸ್ಟ್. ಹೋರಾಟ ಶುರುವಾಗುವ ಮುಂಚೆಯೇ ದಾರಿ ತೋರಿಸಬೇಕಾದವರು ಒಳಗೆ. ಹೊರಗಿದ್ದವರು ತಮ್ಮ ತಮ್ಮ ಊರಿನಲ್ಲಿ ತಾವೇ ತೀರ್ಮಾನ ಮಾಡಬೇಕಾಯಿತು.

ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಭೂಗತ ಗುಂಪುಗಳು ಹುಟ್ಟಿದವು. ಅವರು ಮುಟ್ಟಿದ್ದು ಮನುಷ್ಯರನ್ನಲ್ಲ, ವ್ಯವಸ್ಥೆಯನ್ನು: ಊರ ಚಾವಡಿ, ಅಂಚೆ ಕಚೇರಿ, ಟೆಲಿಗ್ರಾಫ್ ತಂತಿ, ರೈಲು ನಿಲ್ದಾಣ. ಇದನ್ನು ನಮ್ಮ ಭಾಷೆಯಲ್ಲಿ ಹೇಳಬಹುದು. ಚಾವಡಿಯಲ್ಲಿ ಗೌಡ, ಕುಲಕರ್ಣಿ ಇಟ್ಟುಕೊಂಡಿದ್ದ ದಫ್ತರ ಇರುತ್ತಿತ್ತು – ಯಾರ ಹೊಲ ಎಷ್ಟು, ಯಾರು ಎಷ್ಟು ಕಂದಾಯ ಬಾಕಿ. ಅದು ಸರ್ಕಾರದ ಡೇಟಾಬೇಸ್. ಬ್ಯಾಕಪ್ ಪಡೆಯೋದು ಸುಲಭ ಇರಲಿಲ್ಲ. ತಂತಿ ಅಂದರೆ ನೆಟ್‌ವರ್ಕ್. ರೈಲು ಅಂದರೆ ಸಪ್ಲೈ ಲೈನ್, ಅದೂ ಎರಡನೇ ಮಹಾಯುದ್ಧ ನಡೀತಿದ್ದ ಸಮಯದಲ್ಲಿ. ಈ ಮೂರನ್ನು ನಿಲ್ಲಿಸಿದರೆ ಸೈನ್ಯ ಎಷ್ಟು ದೊಡ್ಡದಿದ್ದರೂ ಸರ್ಕಾರ ಆ ಹಳ್ಳಿಯ ಮಟ್ಟಿಗೆ ಕುರುಡು, ಕಿವುಡು. ಬಂದೂಕು ಇಲ್ಲದವರು ಬಂದೂಕು ಇದ್ದವರ ವಿರುದ್ಧ ಹೂಡಬಹುದಾದ ತರ್ಕ ಇದು.

ಮಹದೇವಪ್ಪನವರ ಗುಂಪು ಈ ಸೀಮೆಯಲ್ಲಿ ಇದನ್ನೇ ಮಾಡಿತು. ರಾತ್ರಿ ನಡೆಯೋದು, ಹಗಲು ಹೊಲದಲ್ಲೋ ಗುಡ್ಡದಲ್ಲೋ ಅಡಗೋದು, ಯಾರದೋ ಮನೆಯ ರೊಟ್ಟಿ ಬುತ್ತಿ. ಊಟ ಕೊಟ್ಟವರಿಗೂ ಜೈಲಾಗಬಹುದಿತ್ತು. ಕೊಟ್ಟರು. ಯಾರ ಜೀವಕ್ಕೂ ಅಪಾಯ ಆಗಬಾರದು ಅನ್ನೋದು ಗುಂಪಿನ ಕಟ್ಟಳೆಯಾಗಿತ್ತು ಅಂತ ಈ ಕಡೆಯ ಜನ ಇವತ್ತಿಗೂ ಹೇಳ್ತಾರೆ.

1943ರ ವಸಂತದಲ್ಲಿ ಪರಿಸ್ಥಿತಿ ಬಿಗಿಯಾಗಿತ್ತು. ಶಿಕಾರಿಪುರ ತಾಲೂಕಿನ ಈಸೂರಿನ ಐವರನ್ನು ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಗಲ್ಲಿಗೇರಿಸಿದ್ದರು. ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಫೆಬ್ರವರಿ 10ರಿಂದ 21 ದಿನ ಉಪವಾಸ ಮಾಡಿ ಬದುಕಿ ಉಳಿದಿದ್ದರು. ಧಾನ್ಯದ ಬೆಲೆ ಏರಿತ್ತು. ಆದರೆ ಕಂದಾಯ ವಸೂಲಿ ನಿಂತಿರಲಿಲ್ಲ. ನಮಗೆ ವಸಂತ ಅಂದರೆ ಮಾವಿನ ಚಿಗುರು, ಹೋಳಿ, ಯುಗಾದಿ. ಸರ್ಕಾರಕ್ಕೆ ವಸಂತ ಅಂದರೆ ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಇರೋ ಕಾಲ. ಕಂದಾಯದ ಪೆಟ್ಟಿಗೆ ತುಂಬೋದು ಆಗಲೇ.

1943ರ ಏಪ್ರಿಲ್ 1

ಹೊಸರಿತ್ತಿ ಹಾವೇರಿ ತಾಲೂಕಿನ ಊರು, ವರದಾ ನದಿಯ ಹತ್ತಿರ. ವರದೆ ಮುಂದೆ ಗಳಗನಾಥದ ಬಳಿ ತುಂಗಭದ್ರೆಗೆ ಸೇರುತ್ತೆ. ನಾವು ಬೆಳಿಗ್ಗೆ ಐರಣಿಯಲ್ಲಿ ಮುಖ ತೊಳೆದ ನೀರೂ ಹೊಸರಿತ್ತಿಯ ನೀರೂ ಅಲ್ಲಿ ಒಂದಾಗುತ್ತವೆ. ಸುತ್ತಲಿನ ಹಳ್ಳಿಗಳಿಂದ ವಸೂಲಾದ ಕಂದಾಯದ ಹಣವನ್ನು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟು ಪೊಲೀಸ್ ಕಾವಲು ಹಾಕಿದ್ದರು. ಚಾವಡಿಗಳಿಗೆ ಬೆಂಕಿ ಬೀಳುತ್ತಿದ್ದ ಕಾಲದಲ್ಲಿ ಕಲ್ಲಿನ ದೇವಸ್ಥಾನಕ್ಕಿಂತ ಗಟ್ಟಿ ಜಾಗ ಹಳ್ಳಿಯಲ್ಲಿ ಇನ್ಯಾವುದಿರುತ್ತೆ?

ದಕ್ಷನ ಯಜ್ಞ ಕೆಡಿಸಲು ಶಿವನ ಸಿಟ್ಟಿನಿಂದ ಹುಟ್ಟಿದವನು ವೀರಭದ್ರ. ಆ ಉಗ್ರ ದೇವರ ಮನೆಯೊಳಗೆ ಸರ್ಕಾರ ತನ್ನ ಪೆಟ್ಟಿಗೆ ಇಟ್ಟು ಬಾಗಿಲಿಗೆ ಬಂದೂಕು ನಿಲ್ಲಿಸಿತ್ತು. ಏಪ್ರಿಲ್ 1ರಂದು ಮಹದೇವಪ್ಪ ತಮ್ಮ ಗುಂಪಿನೊಂದಿಗೆ ಆ ಹಣ ವಶಪಡಿಸಿಕೊಳ್ಳಲು ಬಂದರು. ಪೊಲೀಸರು ಗುಂಡು ಹಾರಿಸಿದರು. ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ – ಮೂವರು ಸತ್ತರು.

ಇಷ್ಟೇ. ಸಿನಿಮಾದ ಹಾಗೆ ಉದ್ದದ ದೃಶ್ಯ ಇಲ್ಲ. ಮಹದೇವಪ್ಪನವರಿಗೆ 32 ತುಂಬಲು ಇನ್ನೂ ಎರಡು ತಿಂಗಳ ಮೇಲಿತ್ತು. ಮೂವರ ಹೆಸರುಗಳನ್ನು ಒಟ್ಟಿಗೆ ಓದಿ ನೋಡಿ. ಒಬ್ಬ ಮೈಲಾರ, ಒಬ್ಬ ಮಡಿವಾಳರ, ಒಬ್ಬ ಹಿರೇಮಠ. ಹಳ್ಳಿಯಲ್ಲಿ ಹೆಸರು ಕೇಳಿದರೆ ಯಾರು ಎಲ್ಲಿ ಕೂರಬೇಕು ಅಂತ ಗೊತ್ತಾಗುತ್ತಿದ್ದ ಕಾಲ ಅದು. ದೇವಸ್ಥಾನದ ಅಂಗಳದಲ್ಲಿ ಅವರ ರಕ್ತ ಹಾಗೆ ಬೇರೆ ಬೇರೆ ಕೂರಲಿಲ್ಲ.

ನಾವು ಹೋದಾಗ ಮಧ್ಯಾಹ್ನ ಒಂದು ಗಂಟೆ. ಅಂಗಳದ ಕಲ್ಲು ಕಾದಿತ್ತು, ಚಪ್ಪಲಿ ಬಿಟ್ಟು ನಿಲ್ಲೋಕೆ ಆಗದೆ ನೆರಳಿಗೆ ಓಡಿದೆವು. ಒಬ್ಬ ಅಜ್ಜ ಕಟ್ಟೆ ಮೇಲೆ ಮಲಗಿದ್ದರು. ಯಾವ ಕಾಲೇಜು, ಯಾವ ಊರು ಅಂತ ಕೇಳಿದರು, ಮಹದೇವಪ್ಪನವರನ್ನು ನೋಡಲು ಬಂದಿದ್ದೇವೆ ಅಂದದ್ದಕ್ಕೆ ಎದ್ದು ಕೂತರು. ಮಹದೇವಪ್ಪನವರ ಬಗ್ಗೆ ಅವರು ಮಾತಾಡಿದ ರೀತಿ, ಪಕ್ಕದ ಮನೆಯವರ ಬಗ್ಗೆ ಮಾತಾಡುವ ಹಾಗಿತ್ತು. ಹಿಂದಿನ ತಲೆಮಾರು ಹೇಳಿದ್ದನ್ನು ಅವರು ನಮಗೆ ದಾಟಿಸಿದರು. ನಮ್ಮಲ್ಲಿ ಇಬ್ಬರು ಫೋನ್ ತೆಗೆದವರು ರೆಕಾರ್ಡ್ ಮಾಡದೆ ಜೇಬಿಗೆ ಹಾಕಿ ಸುಮ್ಮನೆ ಕೇಳಿಸಿಕೊಂಡರು.

ಕಾರಿನೊಳಗಿನ ಜಗಳ

ಹೊಸರಿತ್ತಿಯಿಂದ ಗುತ್ತಲಕ್ಕೆ ಹೊರಟಾಗ ಕಾರಿನೊಳಗೆ ಜಗಳ ಶುರುವಾಯಿತು. ಅದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಈ ಬದುಕಿನ ಗಂಟು ಇರುವುದು ಅಲ್ಲೇ.

ನಮ್ಮಲ್ಲಿ ಒಬ್ಬರ ವಾದ: ಇದು ಸತ್ಯಾಗ್ರಹ ಅಲ್ಲ. ದಂಡಿಯಲ್ಲಿ ಎಲ್ಲವೂ ಬಯಲಿನಲ್ಲಿ ನಡೆಯಿತು, ವೈಸರಾಯ್‌ಗೆ ಮೊದಲೇ ಪತ್ರ ಹೋಗಿತ್ತು. ಹೊಸರಿತ್ತಿಯಲ್ಲಿ ಗುಟ್ಟು ಇತ್ತು, ದಾಳಿ ಇತ್ತು. ಬಾಗಿಲ ಕಾವಲಿಗಿದ್ದ ಪೊಲೀಸರೂ ಸಂಬಳಕ್ಕೆ ದುಡಿಯುವ ನಮ್ಮ ಕಡೆಯ ಬಡವರೇ ಇದ್ದಿರಬೇಕು. ಅವರಿಗೂ ಹೆದರಿಕೆ ಆಗಿರುತ್ತೆ. ಗುರು ಕಲಿಸಿದ್ದನ್ನು ಶಿಷ್ಯ ಬಿಟ್ಟ ಹಾಗಾಯಿತು ಅಲ್ವಾ?

ಇನ್ನೊಬ್ಬರ ವಾದ: ಆ ಹಣ ಯಾರದು? ರೈತ ಬೆಳೆದದ್ದು, ರೈತ ಕೊಟ್ಟದ್ದು. ಅವರನ್ನು ಕೇಳದೆ ಅವರ ದೇಶವನ್ನು ಯುದ್ಧಕ್ಕೆ ಸೇರಿಸಿದ ಸರ್ಕಾರ ಅದನ್ನು ಒಯ್ಯುತ್ತಿತ್ತು. ಮಹದೇವಪ್ಪ ಮನೆಗೆ ಒಯ್ಯಲು ಬಂದವರಲ್ಲ. ಉಪ್ಪು ಎತ್ತಿಕೊಂಡರೆ ಹೋರಾಟ, ಹಣ ಎತ್ತಿಕೊಂಡರೆ ಕಳ್ಳತನ ಅನ್ನೋದು ಯಾವ ನ್ಯಾಯ? ಎರಡೂ ಒಂದೇ ಸರ್ಕಾರದ ತೆರಿಗೆಯ ವಿರುದ್ಧ ಅಲ್ಲವೇ?

ಮೂರನೆಯವರು ಇತಿಹಾಸ ತೆಗೆದರು. ಗಾಂಧೀಜಿ 1944ರಲ್ಲಿ ಬಿಡುಗಡೆ ಆದ ಮೇಲೆ ಭೂಗತರಾಗಿದ್ದವರಿಗೆ ಹೊರಗೆ ಬಂದು ಶರಣಾಗಲು ಹೇಳಿದರು. ಗುಟ್ಟಿನ ಹೋರಾಟ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅಂದರೆ ಮಹದೇವಪ್ಪ ಬದುಕಿದ್ದಿದ್ದರೆ ಆ ಮಾತು ಅವರ ಕಿವಿಗೂ ಬೀಳುತ್ತಿತ್ತು. ಆದರೆ ಅಷ್ಟೊತ್ತಿಗೆ ಅವರು ಸತ್ತು ಒಂದು ವರ್ಷ ದಾಟಿತ್ತು.

ಇದನ್ನು ಕೇಳಿ ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾವು ಐದು ಜನ ಒಂದೇ ತೀರ್ಮಾನಕ್ಕೆ ಬಂದೆವು ಅಂತ ಹೇಳಿದರೆ ಅದು ಸುಳ್ಳು. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಪ್ಪಿದೆವು. 1930ರಲ್ಲಿ ಮಹದೇವಪ್ಪನವರ ಮುಂದೆ ಒಬ್ಬ ನಾಯಕ ನಡೆಯುತ್ತಿದ್ದ. ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟರೆ ಸಾಕಿತ್ತು. 1943ರಲ್ಲಿ ಮುಂದೆ ಯಾರೂ ಇರಲಿಲ್ಲ, ಹಿಂದೆ ಒಂದು ಗುಂಪು ಇತ್ತು. ತೀರ್ಮಾನ ಅವರೇ ತೆಗೆದುಕೊಳ್ಳಬೇಕಿತ್ತು, ತಪ್ಪಾದರೆ ಬೆಲೆಯನ್ನೂ ಅವರೇ ಕೊಡಬೇಕಿತ್ತು. ಬೇರೆಯವರನ್ನು ಬಾಗಿಲಿಗೆ ಕಳಿಸಿ ತಾವು ದೂರದಲ್ಲಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅವರ ದಾರಿ ಸರಿಯೋ ತಪ್ಪೋ ಅಂತ ವಾದ ಮಾಡೋ ಹಕ್ಕು ನಮಗಿದೆ. ಆದರೆ 18ಕ್ಕೆ ಕಾಲು, 31ಕ್ಕೆ ಜೀವ, ನಡುವಿನ ವರ್ಷಗಳಲ್ಲಿ ದಿನದಿನದ ದುಡಿಮೆ – ಮೂರನ್ನೂ ಕೊಟ್ಟ ಮನುಷ್ಯನ ಬಗ್ಗೆ ಎರಡು ಪದದ ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗುವ ಹಕ್ಕು ಮಾತ್ರ ನಮಗಿಲ್ಲ.

ಈಗ ಉಳಿದಿರುವುದು

ಹಾವೇರಿಯಲ್ಲಿ ಹುತಾತ್ಮರ ನೆನಪಿಗೆ ವೀರಸೌಧ ಇದೆ. 2018ರಲ್ಲಿ ಅಂಚೆ ಇಲಾಖೆ ಮಹದೇವಪ್ಪನವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲ ಅನ್ನೋ ವಸತಿ ಶಾಲೆ ನಡೆಯುತ್ತಿದೆ. ಅದೇ ಊರಿನ ಇನ್ನೊಬ್ಬ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರನ್ನೂ ಅಲ್ಲಿಯ ಜನ ಮಹದೇವಪ್ಪನವರ ಜೊತೆಗೇ ಹೇಳುತ್ತಾರೆ. ಗುಂಡು ಹಾರಿದ ಊರಿನಲ್ಲಿ ಮಕ್ಕಳು ಗಾಂಧಿ ಹೆಸರಿನ ಶಾಲೆಗೆ ಹೋಗ್ತಾರೆ. ನಮ್ಮ ಕಾರಿನೊಳಗಿನ ಜಗಳಕ್ಕೆ ಊರು ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ ಅನ್ನಿಸಿತು: ಎರಡನ್ನೂ ಇಟ್ಟುಕೊಂಡಿದೆ.

ನೀವೂ ಹೋಗುವುದಾದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಒಳ್ಳೆಯದು. ಬಿಸಿಲು ಇರುತ್ತೆ, ನೀರಿನ ಬಾಟಲಿ ಬೇಕು. ಆದರೆ ಇದೇ ಬಿಸಿಲಿನಲ್ಲಿ ಅವರು ದಂಡಿಗೆ ನಡೆದದ್ದು, ಇದೇ ಬಿಸಿಲಿನಲ್ಲಿ ಅವರು ಸತ್ತದ್ದು. ಕಾರು ಇಲ್ಲದಿದ್ದರೆ ಹಾವೇರಿಯಿಂದ ಬಸ್ ಇದೆ. ರಾಣೆಬೆನ್ನೂರು ದಾರಿಯಲ್ಲಿ ವಾಪಸ್ ಬರುವುದಾದರೆ ಸಂಜೆ ದೇವರಗುಡ್ಡ ಹತ್ತಿ. ಹೊಸರಿತ್ತಿಗೆ ಹೋದಾಗ ಮೂರು ಹೆಸರನ್ನೂ ಕೇಳಿ, ಬರೀ ಒಂದನ್ನಲ್ಲ. ಸಿದ್ದಮ್ಮನವರನ್ನೂ ಸೇರಿಸಿದರೆ ನಾಲ್ಕು.